ಕೇರಂ ಆಡುವ ಕೈ

ಮುದ್ದು ಮಗಳೇ,

ನನ್ನ ಬಲಗೈ ಮಣಿಕಟ್ಟು ಮುರಿದಾಗಿನಿಂದ ಅಡಿಗೆ, ಪಾತ್ರೆ ಎಲ್ಲವೂ ನಿನ್ನಪ್ಪನದೇ. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಕುಕ್ಕರ್ ಸೀಟಿ ಹೊಡೆದರೆ ಕಂಡಕ್ಟರನದೆಂದು ಹೊರಡಲು ನೋಡುತ್ತಾರೆ! ಸಂಜೆ ಸುಮ್ಮನೆ ಕೂರಲು ನನಗೆ ಬರುತ್ತಿರಲಿಲ್ಲ. ಎದುರುಮನೆ ಟೀಚರಮ್ಮ ಕೇರಂ ಆಡಲು ಕರೆದರು. ಮದುವೆಗೆ ಮುಂಚೆ ಬಿಟ್ಟ ಆಟ. ಎಡಗೈಯಲ್ಲೇ ಆಡಲು ಕೂತರೂ ಏಳಲು ಮನಸ್ಸೇ ಬರಲಿಲ್ಲ.

ಡಾಕ್ಟರು ಕಟ್ಟು ಬಿಚ್ಚಿದ ಮೇಲೂ ನಾನು ನೋವಿದೆ ಎನ್ನುತ್ತಲೇ ಇದ್ದೆ. ವಾಸಿಯಾಯಿತೆಂದರೆ ಆ ಸಂಜೆಗಳು ಹೋಗುತ್ತವಲ್ಲ! ಮೊನ್ನೆ ಕರೆಯಲು ಬಂದ ನಿನ್ನಪ್ಪ, ನೋವಿದೆ ಎಂದ ಅದೇ ಬಲಗೈಯಲ್ಲಿ ನಾನು ರಾಣಿಯನ್ನು ಹೊಡೆದು ಗುಳಿಗೆ ಹಾಕಿದ್ದನ್ನು ಬಾಗಿಲಲ್ಲೇ ನಿಂತು ನೋಡಿಬಿಟ್ಟರು.

ಮನೆಗೆ ಬಂದ ಮೇಲೆ, “ಕೈ ಇನ್ನೂ ನೋಯ್ತಿದ್ಯಾ?” ಎಂದರು.

“ಸ್ವಲ್ಪ,” ಎಂದೆ, ನೆಲ ನೋಡುತ್ತಾ.

“ಹಾಗಾದ್ರೆ ಪಾತ್ರೆ ನಂಗೇ ಇರ್ಲಿ. ನೀನು ಆ ರಾಣೀನ ಮಾತ್ರ ಬಿಡ್ಬೇಡ.”

ನಗುವೂ ಬಂತು, ಕಣ್ಣೂ ತುಂಬಿತು. ನಿನ್ನೆ ಇಬ್ಬರೂ ಸೇರಿ ಕೆಲಸ ಮುಗಿಸಿ, ಒಟ್ಟಿಗೇ ಆಡಲು ಹೋದೆವು.

ಶನಿವಾರ ನೀನು ಬಂದಾಗ ಮನೆಗೆ ಬೀಗ ಹಾಕಿದ್ದರೆ ಎದುರುಮನೆಗೇ ಬಾ. ಬಂದವಳೇ ಅಡಿಗೆಮನೆಗೆ ನುಗ್ಗಬೇಡ. ಆಟಕ್ಕೆ ನಾಲ್ಕನೆಯವರು ಬೇಕಾಗಿದ್ದಾರೆ. ನಿನ್ನ ಜಾಗ ಖಾಲಿ ಇಟ್ಟಿರುತ್ತೇವೆ.

ಇಂತಿ,
ನಿನ್ನ ಅಮ್ಮ