ಕರೆಯದೆ ಬಂದ ಸ್ರೆತೆನ್

ಅರಿಲ್ಯೆ, ನವೆಂಬರ್ ೧೦

ಮುದ್ದಿನ ಮೊಮ್ಮಗ ವುಕಾಶಿನ್‌ಗೆ ಅಜ್ಜಿ ಕೊಸಾರಾಳ ಆಶೀರ್ವಾದಗಳು.

ಮೊಣಕಾಲು ಹೇಗಿದೆ? ಕಜಕಸ್ತಾನದಲ್ಲಿ ಆಗಲೇ ಹಿಮ ಬೀಳುತ್ತಿದೆಯಂತೆ, ಒದ್ದೆ ತಲೆಯಲ್ಲಿ ಹೊರಗೆ ಕಾಲಿಡಬೇಡ. ನಾನು ಗಟ್ಟಿಯಾಗಿದ್ದೇನೆ. ರಕ್ತದೊತ್ತಡ ಸ್ವಲ್ಪ ಏರಿದೆ, ಅದೂ ನಿನ್ನಿಂದಲೇ. ಹೋದ ವಾರ ಫೋನಿನಲ್ಲಿ "ಸಾಕಜ್ಜಿ, ಈ ಸೀಸನ್ ಮುಗೀತು, ಇನ್ನು ಆಟ ಬಿಡ್ತೀನಿ" ಅಂದವನು, ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟೆ. ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ನಿಲ್ಲಿಸುವ ಧೈರ್ಯ ನಿನಗಿಲ್ಲ ಎಂದು ನನಗೆ ಗೊತ್ತು.

ಮೂವತ್ತಮೂರಕ್ಕೆ ಯಾವ ಡಿಫೆಂಡರ್ ಮುದುಕನಾಗುತ್ತಾನೆ? ಚಾಚಾಕ್, ಬೆಲ್ಜಿಯಂ, ಸೈಪ್ರಸ್ ಎಲ್ಲ ಕಡೆಯೂ ಗೋಲಿನ ಮುಂದೆ ಗೋಡೆಯ ಹಾಗೆ ನಿಂತವನು ನೀನು. ಆದರೆ ಟಿವಿ ಮುಂದೆ ಕೂರುವ ನನಗೆ ಕಣ್ಣಿಲ್ಲವೇ? ಎದುರಾಳಿ ನುಗ್ಗಿ ಬಂದಾಗ ಕೊನೆಯ ಗಳಿಗೆಯಲ್ಲಿ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀಯ. ಹನ್ನೊಂದು ವರ್ಷದ ಹಿಂದೆ ಕಪ್ ಪಂದ್ಯದಲ್ಲಿ ನಿನ್ನ ಕಾಲಿಗೆ ಡಿಕ್ಕಿ ಹೊಡೆದು ಎದುರು ತಂಡದಲ್ಲಿದ್ದ ಸ್ರೆತೆನ್‌ನ ಕಾಲು ಮುರಿಯಿತಲ್ಲ, ಅಂದಿನಿಂದ ಈ ಚಾಳಿ. ನಮ್ಮ ರಾಸ್‌ಬೆರಿ ತೋಟದಲ್ಲಿ ನಿನ್ನೊಂದಿಗೆ ಚೆಂಡು ಒದ್ದು ಬೆಳೆದವನು, ಆಮೇಲೆ ಮೈದಾನಕ್ಕೆ ಇಳಿಯಲೇ ಇಲ್ಲ. ನೀನೂ ಊರಿನ ಮೈದಾನದತ್ತ ತಲೆ ಹಾಕಲಿಲ್ಲ.

ನಮ್ಮ ಮನೆಯನ್ನು ಕಾಯುವ ಸಂತ ದಿಮಿತ್ರಿಯ ಹಬ್ಬ ಸ್ಲಾವಾಕ್ಕೂ ಅವನು ಬರುವುದು ನಿಂತಿತು. ಪ್ರತಿ ವರ್ಷ ಅವನ ತಟ್ಟೆ ಇಟ್ಟು ಕಾದೆ. ಹೇಳಿ ಕಳಿಸೋಣವೆಂದರೆ ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬರುವವರು ತಾವಾಗಿಯೇ ಬರಬೇಕು. ಅವನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ನಾವೂ ಸುಮ್ಮನಾದೆವು.

ಮೊನ್ನೆ ಪಾದ್ರಿಯೂ ನಿಮ್ಮಪ್ಪನೂ ಸ್ಲಾವಾದ ರೊಟ್ಟಿಗೆ ದ್ರಾಕ್ಷಾರಸ ಸುರಿದು ಮುರಿಯುತ್ತಿದ್ದರು. ಬಾಗಿಲಲ್ಲಿ ಸ್ರೆತೆನ್! ಸ್ವಲ್ಪ ಕುಂಟುತ್ತಾನೆ, ಹೊಟ್ಟೆಯೂ ಬಂದಿದೆ. ಬೇಯಿಸಿದ ಗೋಧಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಶಿಲುಬೆಯ ಗುರುತು ಮಾಡಿದ. ನನಗೆ ಅಳು ತಡೆಯಲಾಗಲಿಲ್ಲ. ನಿಮ್ಮಪ್ಪ ಅವನಿಗೆ ಹಣ್ಣಿನ ಸಾರಾಯಿ ರಕಿಯಾ ಸುರಿದುಕೊಟ್ಟ. ಸ್ರೆತೆನ್ ಈಗ ಊರ ತಂಡದ ತರಬೇತುದಾರ. ನನ್ನ ಎಲೆಕೋಸಿನ ಸುರುಳಿ ಸಾರ್ಮಾ ಎಂಟು ತಿಂದ, ತಿನ್ನುತ್ತಲೇ "ನಮ್ ಡಿಫೆನ್ಸು ಜರಡಿ ಆಗಿದೆ ಅಜ್ಜಿ, ಹಿಂದೆ ನಿಂತು ಗದರೋಕೆ ಒಬ್ಬ ಬೇಕು" ಅಂದ. "ಗದರೋಕೆ ನಾನೇ ಬರ್ತೀನಿ ಬಿಡೋ" ಅಂದೆ. "ನಿಮ್ಮನ್ನ ಹಾಕಿದ್ರೆ ರೆಫರಿ ಓಡಿಹೋಗ್ತಾನೆ" ಅಂದ, ಕಳ್ಳ.

ವಸಂತದ ಅರ್ಧ ಸೀಸನ್ ಊರಲ್ಲಿ ಆಡು. ಆಮೇಲೆ ಬೂಟು ಬಿಡುತ್ತೀಯೋ ಇಟ್ಟುಕೊಳ್ಳುತ್ತೀಯೋ ನಿನ್ನಿಷ್ಟ. ಹೆದರಿದ ಕಾಲಿನಿಂದ ಆಟ ಮುಗಿಸುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ನೀನು ಬಂದೇ ಬರುತ್ತೀಯ. ನಿನ್ನ ಕೋಣೆಗೆ ಸೌದೆ ಹಾಕಿಸಿದ್ದಾಗಿದೆ.

ದೇವರು ನಿನ್ನ ಮೊಣಕಾಲು ಕಾಯಲಿ. ಅಪ್ಪ ಅಮ್ಮ ನಿನ್ನ ಯೋಗಕ್ಷೇಮ ಕೇಳಿದ್ದಾರೆ.

ನಿನ್ನ ಅಜ್ಜಿ,
ಕೊಸಾರಾ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೊನೆಗೆ ಉಳಿಸಿಕೊಂಡೆ. ಅವತ್ತು ಹೊರಡುವಾಗ ಗೇಟಿನ ಬಳಿ ಸ್ರೆತೆನ್ ನನ್ನ ಕೈ ಹಿಡಿದು ಹೇಳಿದ: "ಆ ಕಪ್ ಪಂದ್ಯದಲ್ಲಿ ಮೊದಲು ಚೆಂಡು ಮುಟ್ಟಿದ್ದು ವುಕಾಶಿನ್ನೇ ಅಜ್ಜಿ. ಅವನ ಕಾಲು ಮುರೀಬೇಕು ಅಂತ್ಲೇ ನಾನು ತಡವಾಗಿ ನುಗ್ಗಿದೆ. ಬೆಲ್ಗ್ರೇಡಿನ ಕ್ಲಬ್ಬಿನೋರು ನನ್ನ ಬಿಟ್ಟು ಅವನನ್ನ ನೋಡೋಕೆ ಬಂದಿದ್ರು, ಹೊಟ್ಟೆ ಉರಿದಿತ್ತು. ಯಾವ ಮುಖ ಇಟ್ಕೊಂಡು ನಿಮ್ಮನೆಗೆ ಬರ್ಲಿ?" ನಿನ್ನಿಂದೇನೂ ತಪ್ಪಾಗಿಲ್ಲ, ಮಗಾ. ಅವನಿಗೆ ಫೋನ್ ಮಾಡು. ಅವನಾಗಿ ಮಾಡಲು ಇನ್ನೂ ನಾಚುತ್ತಿದ್ದಾನೆ.