ಕೋಟು ತೊಟ್ಟ ಕಳಸಗಿತ್ತಿ

ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು
೨೦ ನವೆಂಬರ್ ೧೯೮೭, ಶುಕ್ರವಾರ

ಪ್ರೀತಿಯ ಮಗಳು ಚಿ|| ಕು|| ಆದಿಲಕ್ಷ್ಮಿಗೆ ಅಪ್ಪನ ತುಂಬು ಮನಸ್ಸಿನ ಆಶೀರ್ವಾದಗಳು.

ಮೈ ಹೇಗಿದೆ ತಾಯಿ? ಹೋದ ಚಳಿಗಾಲದಲ್ಲಿ ಬೆರಳು ಬಾತು ಪೆನ್ನು ಹಿಡಿಯಲಾಗುತ್ತಿಲ್ಲ ಎಂದು ಬರೆದಿದ್ದೆ, ಈ ಸಲ ಉಣ್ಣೆಯ ಗ್ಲೌಸು ಕೊಂಡೆಯಾ? ಮಧ್ಯಾಹ್ನಕ್ಕೆ ಈಗಲೂ ತಣ್ಣನೆ ಬ್ರೆಡ್ಡು, ಗಿಣ್ಣಿನಂಥ ಆ ಚೀಸು ತಿಂದೇ ಓದುತ್ತೀಯಾ? ಇಲ್ಲಿ ನಾವು ಕ್ಷೇಮ. ನಿನ್ನ ರಾಮಲಕ್ಷ್ಮಮ್ಮ ಅತ್ತೆಗೆ ಕೋಲಾರದಲ್ಲಿ ಕಣ್ಣಿನ ಪೊರೆ ತೆಗೆಸಿದೆವು. ಈಗ ಅಕ್ಕಿಯಲ್ಲಿ ಒಂದು ಕಲ್ಲು ಬಿಡುವುದಿಲ್ಲ, ನನ್ನ ಅಂಗಿಯ ಮೇಲೆ ಒಂದು ಕಲೆ ಬಿಡುವುದಿಲ್ಲ. ನನ್ನ ಮಂಡಿನೋವು ಆಸ್ ಯೂಷುಯಲ್. ಸೊಗಡವರೆ ಬಂದಿದೆ. ನಿನ್ನೆ ಹಿದುಕಿದ ಬೇಳೆ ಸಾರು ಮಾಡಿ ಅತ್ತೆ ನಿನ್ನ ಹೆಸರು ಹೇಳಿ ಒಂದು ಸೌಟು ಹೆಚ್ಚಿಗೆ ನನಗೇ ಬಡಿಸಿದಳು.

ಮೇಲೆ ‘ಕು||’ ಎಂದು ಬರೆಯುವಾಗ ನನ್ನ ಕೈ ಎಷ್ಟು ಹಗುರವಾಗಿತ್ತು ಎಂಬುದು ನಿನಗೆ ಗೊತ್ತಾಗುವುದಿಲ್ಲ. ಮೊನ್ನೆ ಮೊನ್ನೆಯ ತನಕ ಕಾಗದ ಹಿಡಿದು ಕೂತರೆ ‘ಕುಮಾರಿ’ ಎಂದು ಬರೆಯಲೋ ‘ಸೌಭಾಗ್ಯವತಿ’ ಎಂದು ಬರೆಯಲೋ ತೋಚದೆ, ಅಲ್ಲಿಗೇ ಪೆನ್ನು ಮುಚ್ಚಿ ಏಳುತ್ತಿದ್ದೆ. ಯಾಕೆ ಅಂತೀಯಾ, ಕೇಳು. ಆರ್ಡರ್‌ಲೀ ಆಗಿ ಹೇಳುತ್ತೇನೆ. ಇಂಟರ್‌ಮೀಡಿಯೆಟ್ಟಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ಹೇಳಿಕೊಟ್ಟಿದ್ದು ಅದೊಂದೇ ನೆನಪಿರುವುದು, ಬಿಗಿನಿಂಗಿನಿಂದ ಬಿಗಿನ್ ಮಾಡಬೇಕು ಅಂತ.

ದೀಪಾವಳಿ ಕಳೆದ ಮೇಲೆ ಮುಳಬಾಗಿಲಿನಿಂದ ನಿನ್ನ ಗಂಗುಲಪ್ಪ ಮಾವ ಬಂದಿದ್ದರು. ಯಾಕೆ ಬರುತ್ತಾರೆ ಅಂತ ನಿನಗೆ ಗೊತ್ತಲ್ಲ. ನಿನ್ನ ಅಮ್ಮ ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು, ‘ನನ್ ಮಗ್ಳು ನಿಮ್ಮನೆಗೇ ಬರ್ತಾಳೆ ಅಣ್ಣಯ್ಯ’ ಎಂದಿದ್ದಳು. ಅಂದಿನಿಂದ ಅವರ ಮಗ ಕದಿರೇಶನಿಗೆ ನೀನೇ ಎಂದು ಎರಡೂ ಮನೆಯಲ್ಲಿ ಇತ್ಯರ್ಥ. ಹುಡುಗ ಒಳ್ಳೆಯವನೇ. ಪಂಪ್‌ಸೆಟ್ ರಿಪೇರಿ ಅಂಗಡಿ ಚೆನ್ನಾಗಿ ನಡೆಸುತ್ತಾನೆ. ನೀನು ಬೇಕು ಎಂದೂ ಬರೆಯಲಿಲ್ಲ, ಬೇಡ ಎಂದೂ ಬರೆಯಲಿಲ್ಲ. ಪ್ರತಿ ಕಾಗದದ ಕೊನೆಗೆ ‘ಮಾವನ ಮನೆ ವಿಷಯ ನೀವು ಹೇಳಿದಂತೆ’ ಎಂದು ಒಂದು ಸಾಲು. ಆ ಸಾಲು ಬಂದಾಗಲೆಲ್ಲ ನನಗೆ ಊಟ ರುಚಿಸುತ್ತಿರಲಿಲ್ಲ. ನಿನ್ನ ಅಮ್ಮ ಕೊಟ್ಟ ಮಾತು ಮುರಿಯುವುದಕ್ಕೆ ನನಗೆ ಬಾಯಿ ಬರದು. ದೂರದೇಶದ ಡೆಲ್ಫ್ಟ್ ಯೂನಿವರ್ಸಿಟಿಯಲ್ಲಿ ನೀರಿಗೆ ಕಟ್ಟೆ ಕಟ್ಟುವುದನ್ನು ಓದಿದ ಹುಡುಗಿಯನ್ನು ಮುಳಬಾಗಿಲಿನ ಅಡಿಗೆಮನೆಗೆ ಕಳಿಸುವುದಕ್ಕೂ ಮನಸ್ಸು ಬರದು. ಮಾವನವರೋ ಪಂಚಾಂಗದವನ ಹತ್ತಿರ ಮಾಘಮಾಸದ ಮುಹೂರ್ತ ಬರೆಸಿಕೊಂಡೇ ಬಂದಿದ್ದರು. ಕಾಫಿ ಲೋಟ ಕೈಯಲ್ಲಿ ಹಿಡಿದು, ‘ಓದು ಮುಗೀತಲ್ಲ ಬಾವಾ, ಇನ್ನೇನ್ ಅಡ್ಡ’ ಎಂದು ಶುರು ಮಾಡಿದಾಗಲೇ ಅಂಚೆ ಸೊಣ್ಣಪ್ಪ ಬಂದು ವಿದೇಶದ ಲಕೋಟೆ ಕೊಟ್ಟುಹೋದ.

ನಿನ್ನ ಕೈಬರಹವಲ್ಲ. ಒಳಗೆ ಕಾಗದವಿಲ್ಲ, ಬರೀ ಒಂದು ಫೋಟೋ. ನಡುವೆ ನೀನು, ನಿನ್ನ ಅಮ್ಮನ ಅರಗಿನ ಬಣ್ಣದ ಧಾರೆ ಸೀರೆ ಉಟ್ಟು ನಿಂತಿದ್ದೀಯ. ಎಡಗಡೆ ತೆಂಗಿನಮರದಷ್ಟು ಎತ್ತರದ ಬಿಳಿಯವನು. ಕರೀ ಕೋಟು, ಕೋಟಿಗೆ ಹಿಂದೆ ಬಾಲ, ಕತ್ತಿಗೆ ಬಿಳೀ ಬೋ. ಬಲಗಡೆ ಹೂವಿನ ಗೊಂಚಲು ಹಿಡಿದ ಒಂದು ಹುಡುಗಿ. ಹಿಂದೆ ಕರೀ ನಿಲುವಂಗಿ, ಚಪ್ಪಟೆ ಟೋಪಿ ಹಾಕಿದ ಹಿರಿಯರು ಸಾಲಾಗಿ ನಿಂತಿದ್ದಾರೆ. ಅವರ ಮುಂದೆ ಒಬ್ಬರು ಬೆಳ್ಳಿ ಕಟ್ಟಿನ ದೊಡ್ಡ ದಂಡ ಹಿಡಿದಿದ್ದಾರೆ. ಹಿಂಬದಿಗೆ ಇಂಗ್ಲಿಷಿನಲ್ಲಿ ‘ಎ ಹ್ಯಾಪಿ ಡೇ’ ಎಂದು ಬರೆದು, ಕೆಳಗೆ ಪೀಟರ್, ಮಾರೈಕೆ ಎಂದು ಇಬ್ಬರ ಸಹಿ ಇದೆ. ನಾನು ನೋಡಿ ಮುಗಿಸುವ ಮೊದಲೇ ಮಾವನವರು ಕಿತ್ತುಕೊಂಡರು. ‘ಇದೇನ್ ಬಾವಾ ಇದು. ಪಾದ್ರಿಗಳವ್ರೆ, ದಂಡ ಹಿಡ್ದೋನವ್ನೆ, ಹೂವೈತೆ. ನಮ್ ತಂಗಿ ಭಾರತಿ ಧಾರೆ ಸೀರೇನೂ ಉಟ್ಟವ್ಳೆ. ಇನ್ನೇನ್ ಬೇಕು’ ಎಂದರು. ಅತ್ತೆ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ‘ಹುಡ್ಗ ಲಕ್ಷಣವಾಗವ್ನೆ ಬಿಡಣ್ಣಾ, ನೆಲ ನೋಡ್ಕೊಂಡು ಬಗ್ಗಿ ಬಾಗಿಲು ದಾಟ್ಬೇಕಷ್ಟೆ’ ಎಂದಳು. ಮಾವನವರಿಗೆ ಇನ್ನಷ್ಟು ಉರಿಯಿತು. ನಾನು ಏನು ಹೇಳಲಿ? ಸರ್ಕಮ್‌ಸ್ಟಾನ್ಷಿಯಲ್ ಎವಿಡೆನ್ಸ್ ಎಲ್ಲ ಅವರ ಕಡೆಗೇ ಇತ್ತು. ಪಂಚಾಂಗದ ಚೀಟಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೋದರು.

ನನ್ನ ವಿಷಯ ಹೇಳಬೇಕೆಂದರೆ, ಮದುವೆಯಾದದ್ದಕ್ಕೆ ನನಗೆ ಅಷ್ಟು ಸಂಕಟವಾಗಲಿಲ್ಲ. ನನಗೊಂದು ಮಾತು ಹೇಳದೆ ಆದಳಲ್ಲ, ನಾನು ಅಷ್ಟು ಹೆದರಿಸುವ ಅಪ್ಪನೇ ಎಂದು ಸಂಕಟವಾಯಿತು. ಸೈಕಲ್ಲು ತುಳಿದು ಕ್ಲಾಸಿಗೆ ಹೋಗುತ್ತೀನಿ, ಹಾಸ್ಟೆಲಿನ ಅಡಿಗೆಮನೆಯಲ್ಲಿ ನನ್ನ ಸರದಿಯ ದಿನ ಮುದ್ದೆ ತಿರುವಿ ಎಲ್ಲರಿಗೂ ಹಾಕಿದೆ, ಜೊತೆಯಲ್ಲಿ ಓದುವ ಪೀಟರನು ಅದನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡ ಎಂದೆಲ್ಲ ಬರೆದವಳು ಇದೊಂದನ್ನು ಬರೆಯಲಿಲ್ಲವಲ್ಲ ಎಂದು. ಮತ್ತೆ ಫೋಟೋ ತೆಗೆದು ನೋಡುವುದು. ನೋಡಿದರೆ ನೀನು ಹಲ್ಲು ಕಾಣುವ ಹಾಗೆ ನಗುತ್ತಿದ್ದೀಯ. ನಿನ್ನ ಅಮ್ಮ ಹೋದ ಮೇಲೆ ನೀನು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ಹೀಗಾಗಿ ಕೋಪ ಮಾಡಿಕೊಳ್ಳಲು ಕೂತರೂ ಕೋಪ ಪೂರ್ತಿ ಬರುತ್ತಿರಲಿಲ್ಲ.

ಮಧ್ಯೆ ಕದಿರೇಶ ಒಬ್ಬನೇ ಲೂನಾ ಮೇಲೆ ಬಂದ. ಹೊಡೆಯುತ್ತಾನೋ ಅಳುತ್ತಾನೋ ಎಂದು ಅತ್ತೆ ನೀರು ಹಿಡಿದು ನಿಂತಳು. ಅವನು ನೀರು ಕುಡಿದು, ಆ ಕಡೆ ಈ ಕಡೆ ನೋಡಿ, ‘ನಿಜ್ವಾಗ್ಲೂ ಆಗೋಗೈತಾ ಮಾವ’ ಎಂದು ಕೇಳಿದ. ಹಾಗೇ ಕಾಣುತ್ತೆ ಕಣಪ್ಪ ಎಂದೆ. ಮಳೆ ಬಂದ ಮೇಲೆ ರಾಗಿ ಹೊಲ ಕಂಡಂತೆ ಕಂಡಿತು ಅವನ ಮುಖ. ಮಾಲೂರಿನ ಹೆಂಚಿನ ಫ್ಯಾಕ್ಟರಿ ಮೇಸ್ತ್ರಿಯ ಮಗಳೊಬ್ಬಳಿದ್ದಾಳಂತೆ, ಅವರ ಬಾವಿಯ ಮೋಟಾರು ಪದೇ ಪದೇ ಸುಟ್ಟುಹೋಗುತ್ತಿತ್ತಂತೆ. ‘ಒಳ್ಳೇ ಮೋಟ್ರು ಅಷ್ಟು ಸಲ ಯಾಕ್ ಸುಡ್ತದಲಾ’ ಎಂದು ಅತ್ತೆ ಕೇಳಿದ್ದಕ್ಕೆ ತಲೆ ತಗ್ಗಿಸಿದ. ಅವನೂ ಅವರಪ್ಪನೆದುರು ಬಾಯಿ ಬಿಟ್ಟಿರಲಿಲ್ಲ, ನಿನ್ನ ಅಮ್ಮ ಕೊಟ್ಟ ಮಾತು ಅಂತ. ಈಗ ಮಾವನವರು ನಮಗೆ ತೋರಿಸಬೇಕೆಂಬ ಹಟಕ್ಕೆ ಬಿದ್ದು, ಧನುರ್ಮಾಸ ಹುಟ್ಟುವುದರೊಳಗೆ ಮಗನ ಮದುವೆ ಮುಗಿಸುತ್ತೇನೆ ಎಂದು ಅದೇ ಮಾಲೂರಿನ ಹುಡುಗಿಯನ್ನೇ ಒಪ್ಪಿ ವೀಳ್ಯ ಬದಲಾಯಿಸಿದ್ದಾರೆ. ಡಿಸೆಂಬರ್ ಹತ್ತಕ್ಕೆ ಧಾರೆ. ಲಗ್ನಪತ್ರಿಕೆ ನಮಗೂ ಬಂತು, ಅಂಚೆಯಲ್ಲಿ. ಕೈಯಲ್ಲಿ ಕೊಡುವಷ್ಟು ಕೋಪ ಇನ್ನೂ ಇಳಿದಿಲ್ಲ.

ಇಷ್ಟೆಲ್ಲ ಆದ ಮೇಲೆ ಮೊನ್ನೆ ಬುಧವಾರ ಬಂತು ತಾಯಿ ನಿನ್ನ ಕಾಗದ. ಫೋಟೋಗಿಂತ ಮೊದಲೇ ಹೊರಟದ್ದು ಎಲ್ಲೆಲ್ಲಿ ಸುತ್ತಿತೋ. ಡಾಕ್ಟರೇಟಿನ ಪರೀಕ್ಷೆಯ ದಿನ ಅಭ್ಯರ್ಥಿಯ ಎರಡು ಪಕ್ಕಕ್ಕೂ ತನ್ನವರು ಇಬ್ಬರು ನಿಲ್ಲಬೇಕು, ಅದು ಅಲ್ಲಿನ ಹಳೇ ಪದ್ಧತಿ, ನನ್ನ ಪಕ್ಕ ಪೀಟರನೂ ಮಾರೈಕೆಯೂ ನಿಂತರು, ಅವರಿಬ್ಬರಿಗೂ ಮುಂದಿನ ತಿಂಗಳು ಮದುವೆ ಎಂದು ನೀನು ಏನೂ ಅಲ್ಲವೆಂಬಂತೆ ಬರೆದಿದ್ದೀಯ. ಆ ಸಾಲನ್ನು ಜೋರಾಗಿ ಓದಿ ನಾನು ಹಜಾರದ ಕಂಬಕ್ಕೆ ಒರಗಿಬಿಟ್ಟೆ. ಅತ್ತೆಗೆ ಅರ್ಥವಾಗಲಿಲ್ಲ. ಮದುವೆ ಹೆಣ್ಣಿನ ಪಕ್ಕದಲ್ಲಿ ಕಳಸ ಹಿಡಿದು ಒಬ್ಬಳು ನಿಲ್ಲುವುದಿಲ್ಲವೇ, ಆ ಥರ ಎಂದು ಬಿಡಿಸಿ ಹೇಳಿದೆ. ‘ಅಂಗಾದ್ರೆ ಆ ತೆಂಗಿನಮರ ನಮ್ಮ ಹುಡ್ಗೀಗೆ ಕಳಸಗಿತ್ತೀನಾ’ ಎಂದು ಕೇಳಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು ನೋಡು, ಆಪರೇಷನ್ ಆದ ಕಣ್ಣಿಗೆ ಒಳ್ಳೆಯದಲ್ಲ ಎಂದು ನಾನೇ ನಿಲ್ಲಿಸಬೇಕಾಯಿತು. ಈಗಲೂ ಅವರೆ ಬಿಡಿಸುತ್ತ ಇದ್ದಕ್ಕಿದ್ದಂತೆ ನಗುತ್ತಾಳೆ.

ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿಕೊಂಡೆ. ಟೋಪಿ ಹಾಕಿದವರೆಲ್ಲ ಪ್ರೊಫೆಸರುಗಳು ಎಂದು ತಿಳಿದು ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹೊತ್ತು ಮುಗಿದೊಡನೆ ಆ ದಂಡದವರು ಬಂದು ಲ್ಯಾಟಿನ್ನಿನಲ್ಲಿ ‘ಹೊತ್ತಾಯಿತು’ ಎಂದರೆ ಯಾರ ಮಾತು ಎಲ್ಲಿದ್ದರೂ ಅಲ್ಲಿಗೇ ನಿಲ್ಲಬೇಕಂತೆ, ನೀನು ನಮ್ಮ ಕೆರೆಕಟ್ಟೆಯ ಜೇಡಿಮಣ್ಣಿನ ಮಾತಿನಲ್ಲಿ ಅರ್ಧಕ್ಕೇ ಬಾಯಿ ಮುಚ್ಚಿದೆಯಂತೆ. ಕೋಲಾರದ ಕಾಲೇಜಿನಲ್ಲಿ ನಮ್ಮ ಲಾಜಿಕ್ ಮೇಷ್ಟರಿಗೆ ಅಂಥ ದಂಡದವರೊಬ್ಬರು ಇದ್ದಿದ್ದರೆ ನಾನು ಡಿಗ್ರಿ ಮುಗಿಸುತ್ತಿದ್ದೆನೋ ಏನೋ. ಪ್ರಬಂಧದ ಪುಸ್ತಕದ ಜೊತೆ ಬಿಡಿ ಹಾಳೆಯಲ್ಲಿ ಅಭ್ಯರ್ಥಿಯ ಸ್ವಂತ ಸಿದ್ಧಾಂತಗಳನ್ನು ಅಚ್ಚು ಹಾಕಿಸಬೇಕು, ಅದರಲ್ಲಿ ಒಂದು ತಮಾಷೆಯದೂ ಇರಬಹುದು ಎಂಬುದು ಬಹಳ ಹಿಡಿಸಿತು. ‘ರಾಗಿಮುದ್ದೆಯನ್ನು ಅಗಿಯದೆ ನುಂಗಲು ಕಲಿಯದವರು ಮೆತ್ತನೆಯ ಮಣ್ಣಿನ ಬಗ್ಗೆ ಅವಸರದ ತೀರ್ಮಾನಕ್ಕೆ ಬರಬಾರದು’ ಎಂದು ಬರೆದೆಯಂತಲ್ಲ. ಅದರ ಮೇಲೂ ಒಬ್ಬ ಪ್ರೊಫೆಸರು ಗಂಭೀರವಾಗಿ ಪ್ರಶ್ನೆ ಹಾಕಿದರಂತಲ್ಲ. ಅಂಥ ವಿದ್ಯಾಲಯಕ್ಕೆ ಮಗಳನ್ನು ಕಳಿಸಿದ್ದು ನಷ್ಟವಲ್ಲ ಎನಿಸಿತು. ಕಲ್ಲೇ ಇಲ್ಲದ ದೇಶಕ್ಕೆ ಬರೀ ಕಲ್ಲಿನ ಜಿಲ್ಲೆಯವಳು ಹೋಗಿ ಮಣ್ಣಿನ ಮೇಲೆ ಡಾಕ್ಟರಾಗಿದ್ದೀಯ. ಶಿವಾರಪಟ್ಟಣದ ಶಿಲ್ಪಿಗಳಿಗೆ ಅಂಗೈಯಗಲದ ಕಲ್ಲಿನ ಗಣಪತಿ ಒಂದನ್ನು ಕೆತ್ತಲು ಹೇಳಿದ್ದೇನೆ, ನಿನ್ನ ಪ್ರೊಫೆಸರ ಮೇಜಿನ ಮೇಲಿಡಲಿ. ಕಾಗದ ಹಾರದಂತಾದರೂ ಆಗುತ್ತದೆ.

ಪೀಟರ್, ಮಾರೈಕೆ ಇಬ್ಬರಿಗೂ ನನ್ನ ಬ್ಲೆಸಿಂಗ್ಸ್ ತಿಳಿಸು. ಅವನನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೆ ಎಂಬುದನ್ನು ತಿಳಿಸಬೇಡ. ಅತ್ತೆ ನಿನ್ನ ನೆತ್ತಿಗೆ ಎಣ್ಣೆ ಒತ್ತಿದಷ್ಟು ಪ್ರೀತಿ ಬರೆಯಲು ಹೇಳಿದ್ದಾಳೆ. ಹೊಟ್ಟೆ ತುಂಬ ಉಣ್ಣು, ಬೆಚ್ಚಗಿರು.

ಇಂತು ನಿನ್ನ ಅಪ್ಪ,
ಕೋದಂಡರಾಮಪ್ಪ

ಮರೆತಿದ್ದೆ: ಸೊಣ್ಣಪ್ಪ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದದ್ದು ನನಗೂ ಅತ್ತೆಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕದಿರೇಶನಿಗೂ ಹೇಳಿಲ್ಲ. ಮಾವನವರು ನಿನಗೆ ಮದುವೆಯಾಗಿದೆ ಎಂದೇ ತಿಳಿದಿದ್ದಾರೆ, ತಿಳಿದಿರಲಿ. ಕಾಗದ ಬಂತೇ ಎಂದು ಅವರು ಕೇಳಿಲ್ಲ, ನಾನಾಗಿ ಹೇಳಿಲ್ಲ. ಊರು ನಾಲ್ಕು ದಿನ ಆಡಿಕೊಳ್ಳುತ್ತದೆ, ನೀನು ತಾಳಿಕೊ, ನಾನೂ ತಾಳಿಕೊಳ್ಳುತ್ತೇನೆ. ಡಿಸೆಂಬರ್ ಹತ್ತು ಕಳೆಯುವ ತನಕ ಮುಳಬಾಗಿಲಿಗೆ ಒಂದು ಕಾರ್ಡೂ ಹಾಕಬೇಡ. ಧಾರೆ ಮುಗಿದ ಮಾರನೇ ದಿನ ನಾನೇ ಹೋಗಿ ಇದ್ದದ್ದು ಇದ್ದಂತೆ ಹೇಳಿ ಬೈಸಿಕೊಂಡು ಬರುತ್ತೇನೆ. ನಿನ್ನ ಅಮ್ಮನ ಮಾತನ್ನು ನಾವು ಮುರಿದಂತಾಗಲಿಲ್ಲ, ಅವಳ ಅಣ್ಣನೇ ಬಿಟ್ಟುಕೊಟ್ಟರು. ಪ್ರೊಫೆಸರು ಇನ್ನೆರಡು ವರ್ಷ ಅಲ್ಲೇ ಕೆಲಸಕ್ಕೆ ಇರು ಅಂದದ್ದಕ್ಕೆ ‘ನೀವು ಹೇಳಿದಂತೆ’ ಎಂದು ಬರೆದಿದ್ದೀಯಲ್ಲ. ಹೇಳುತ್ತಿದ್ದೇನೆ, ಇರು.