ಒದ್ದೆ ಬಣವೆಯಲ್ಲಿ ಒಂದು ತಂಗು

ಕೂರಾಕ್ಲೇರ್,
ಏಪ್ರಿಲ್ 24, ಶುಕ್ರವಾರ

ನನ್ನ ಮುದ್ದು ಕ್ಲಿಯೋನಾ,

ಹರಿದು ಹಾಕಬೇಕು ಅನ್ನಿಸಿದರೂ ಈ ಕಾಗದವನ್ನು ಒಮ್ಮೆ ಕೊನೆಯವರೆಗೆ ಓದಿಬಿಡು. ಭಾನುವಾರ ಫೋನಿನಲ್ಲಿ ನಾನು ಆಡಿದ ಮಾತು ನಿನ್ನ ಕಿವಿಯಲ್ಲಿ ಇನ್ನೂ ಇರುತ್ತದೆ. "ನಿನ್ನ ಕುಣಿತದ ಪರೀಕ್ಷೆಗೆ ನುಡಿಸೋಕೆ ಬೇರೆ ಯಾರನ್ನಾದ್ರೂ ನೋಡ್ಕೋ, ಮನೆ ಗುಟ್ಟು ಮಾರಿದೋಳ ಕಾಲಿಗೆ ನನ್ನ ಕನ್ಸರ್ಟಿನಾ ನುಡಿಯೋದಿಲ್ಲ" ಅಂದೆ. ನೀನು "ನಾನು ಕೊಟ್ಟಿಲ್ಲ ದೊಡ್ಡಮ್ಮ" ಅಂದು ಸುಮ್ಮನಾದೆ. ಅತ್ತಿದ್ದರೆ ನಂಬುತ್ತಿದ್ದೆನೋ ಏನೋ. ಬಾಯಿ ಮುಚ್ಚಿಕೊಂಡವರ ಮೇಲೆ ನನಗೆ ಯಾವಾಗಲೂ ಅನುಮಾನ.

ನನ್ನ ಕಡೆಯ ಕಥೆಯನ್ನೂ ಕೇಳು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಎಂದಿನಂತೆ ಫ್ಲಾನನ ಪಬ್ಬಿಗೆ ಹೋಗಿ ಕಿಟಕಿ ಪಕ್ಕ ಚಹಾ ಹಿಡಿದು ಕೂತಿದ್ದೆ. ಮೂಲೆಯಲ್ಲಿ ನಮ್ಮವರೇ ನಾಲ್ಕಾರು ಜನ ನುಡಿಸುತ್ತಿದ್ದರು. ಅವರ ಹಿಂದೆ ಒಬ್ಬಳು ಹೊಸ ಹುಡುಗಿ, ಮಡಿಲಲ್ಲಿ ಪಿಟೀಲು, ಕರೆಯುವವರೆಗೆ ಬಿಲ್ಲು ಎತ್ತದೆ ಕೂತಿದ್ದಳು. ಒಳ್ಳೆಯ ನಡತೆ ಅಂದುಕೊಂಡೆ. ಆಮೇಲೆ ಯಾರೋ "ನೀನೊಂದು ಶುರು ಮಾಡಮ್ಮ" ಅಂದರು. ಅವಳು ‘ಒದ್ದೆ ಬಣವೆ’ ಅನ್ನುವ ಕುಣಿತದ ಮಟ್ಟು ಶುರು ಮಾಡಿದಳು.

ಅದರಲ್ಲೇನಿದೆ, ನಮ್ಮ ಇಡೀ ಕ್ಲೇರ್ ಸೀಮೆ ಅದನ್ನು ನುಡಿಸುತ್ತದೆ. ಆದರೆ ಎರಡನೆಯ ಭಾಗದ ಕೊನೆಗೆ ಬಂದಾಗ ಆ ಹುಡುಗಿ ಒಂದು ಸ್ವರದ ಮೇಲೆ ತಂಗಿದಳು. ಬೇರೆಯವರೆಲ್ಲ ನುಡಿಸುತ್ತ ಮುಂದೆ ಓಡಿಹೋದರು, ಇವಳೊಬ್ಬಳು ಉಸಿರು ಹಿಡಿದ ಹಾಗೆ ನಿಂತು ಆಮೇಲೆ ಇಳಿದಳು. ಅದು ನಮ್ಮ ಮನೆಯ ತಂಗು. ನನ್ನ ಅಪ್ಪನದು, ನನ್ನದು, ನಿನ್ನದು. ನಿನ್ನ ಅಮ್ಮ ಪೆಗ್ ಕೂಡ ಅಷ್ಟೇನೂ ಸರಿಯಾಗಿ ಹಿಡಿಯಲಿಲ್ಲ.

ಫ್ಲಾನ್ ಲೋಟ ಒರೆಸುತ್ತ ಬಂದ. "ಏನೇ ಡೆಲಿಯಾ, ನಿನ್ನ ಮುಖ ನೋಡಿದ್ರೆ ಜಗ್ಗಲ್ಲಿರೋ ಹಾಲು ಒಡೆದುಹೋಗತ್ತೆ. ಏನಾಯ್ತು?"

"ಆ ಹುಡುಗಿ ಯಾರು?"

"ಲಿಮೆರಿಕ್ ವಿಶ್ವವಿದ್ಯಾಲಯದೋಳು. ಹಂಗೇರಿ ಕಡೆಯವಳಂತೆ. ನಿಮ್ಮ ಕ್ಲಿಯೋನಾ ಜೊತೆಗೇ ಓದೋದು."

ಅಷ್ಟು ಸಾಕಾಯಿತು. ಚಹಾ ಅಲ್ಲೇ ಬಿಟ್ಟು ಮನೆಗೆ ಬಂದೆ.

ದಾರಿಯುದ್ದಕ್ಕೂ ಹಿಂದಿನದೆಲ್ಲ ಜೋಡಿಸಿಕೊಂಡೆ. ಈಸ್ಟರ್‌ಗೆ ಬಂದಾಗ ನೀನು ಅಡುಗೆಮನೆಯ ಹಾಸುಗಲ್ಲಿನ ಮೇಲೆ ಒಬ್ಬಳೇ ಕುಣಿಯುತ್ತಿದ್ದೆ. ನಾನು ಒಳಗೆ ಬಂದದ್ದೇ ನೀನು ನಿಲ್ಲಿಸಿದೆ. ನಿನ್ನ ಫೋನು ನೆಲದ ಮೇಲಿತ್ತು, ನೀನು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. "ಏನೇ ಅದು?" ಅಂದರೆ "ಏನಿಲ್ಲ ದೊಡ್ಡಮ್ಮ, ಕಾಲೇಜಿಗೆ" ಅಂದೆ. ಏನಿಲ್ಲ ಅನ್ನುವುದರಲ್ಲಿ ಏನೋ ಇದ್ದೇ ಇರುತ್ತದೆ ಅಂತ ಆಗಲೇ ಮನಸ್ಸಿಗೆ ಬಂದಿತ್ತು.

ನನ್ನ ಅಪ್ಪನ ಕಥೆ ನಿನಗೆ ಗೊತ್ತು. ಅವನ ಒಂದು ಮಟ್ಟನ್ನು ರೇಡಿಯೋದವನೊಬ್ಬ ಕೇಳಿಸಿಕೊಂಡು ಹೋದ, ಅದು ಬೇರೆ ಊರಿನ ಬೇರೆ ಯಾರದ್ದೋ ಹೆಸರು ಹೊತ್ತು ಗಾಳಿಯಲ್ಲಿ ವಾಪಸು ಬಂತು. ಆಮೇಲೆ ಹೊರಗಿನವರು ಯಂತ್ರ ಹಿಡಿದು ಬಂದರೆ ಅಪ್ಪ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕೂತು, ಆ ತಂಗು ಬಿಟ್ಟು, ಸೀದಾ ನುಡಿಸಿ ಕಳಿಸುತ್ತಿದ್ದ. ಅವರು ಖುಷಿಯಾಗಿ ಹೋಗುತ್ತಿದ್ದರು. ನೀನು ಲಿಮೆರಿಕ್‌ಗೆ ಹೊರಟಾಗ ನಾನು ಕೇಳಿದ್ದು ಅದೊಂದೇ ಮಾತು: ಕಲಿತದ್ದನ್ನೆಲ್ಲ ಹಂಚು, ಇದೊಂದನ್ನು ಇಟ್ಟುಕೋ. ನೀನು ಸರಿ ಅಂದಿದ್ದೆ.

ಕುಣಿತಕ್ಕೆ, ವಾದ್ಯಕ್ಕೆ ಪದವಿ ಕೊಡುವ ಜಾಗದ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಕಮ್ಮಿ. ನೀನು ಅಲ್ಲಿ ಸೇರಿದ್ದನ್ನು ಪೆಗ್ ಊರೆಲ್ಲ ಹೇಳಿಕೊಂಡು ತಿರುಗಿದಳು, ನಾನು ಬಾಯಿ ಬಿಡಲಿಲ್ಲ. ನಮ್ಮ ಅಜ್ಜಿ ಈ ಕಲ್ಲಿನ ಮೇಲೆ ಕುಣಿದಾಗ ಯಾರೂ ಅಂಕ ಹಾಕಿರಲಿಲ್ಲ. ಹಾಕಿದ್ದರೆ ಅವಳು ಅವರನ್ನು ಇಕ್ಕಳ ಹಿಡಿದು ಓಡಿಸುತ್ತಿದ್ದಳು. ಅಂಥ ಕಡೆ ಹೋದ ಹುಡುಗಿ ಒಂದು ಪಿಟೀಲಿನವಳ ಸ್ನೇಹಕ್ಕೆ ಮನೆಯ ತಂಗು ಕೊಟ್ಟುಬಿಟ್ಟಳು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಅದಕ್ಕೇ ಆ ಫೋನು.

ನಿನ್ನೆ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ನೋಡಿದರೆ ಅವಳೇ, ಕೈಯಲ್ಲಿ ಕೇಕು. ಕರೆಯದೆ ಕೇಕು ತಂದವರ ಮೇಲೆ ನನಗೆ ಎರಡು ಪಟ್ಟು ಅನುಮಾನ. ಹೆಸರು ಇಲ್ಡಿಕೊ ಅಂದಳು. "ಕ್ಲಿಯೋನಾ ಕಳಿಸಿದ್ಲಾ?" ಅಂತ ಹೊಸ್ತಿಲಲ್ಲೇ ಕೇಳಿದೆ.

"ಅವಳಿಗೆ ಗೊತ್ತಾದ್ರೆ ನನ್ನ ಕೊಂದೇಬಿಡ್ತಾಳೆ. ಊಟ ಬಿಟ್ಟಿದಾಳೆ ಡೆಲಿಯಾ ಅವರೇ, ರೂಮಿಂದ ಹೊರಗೇ ಬರ್ತಿಲ್ಲ. ಪರೀಕ್ಷೆಗೆ ಕುಣಿಯೋದಿಲ್ಲ ಅಂತ ಮೇಡಂಗೆ ಹೇಳಿಬಂದಿದಾಳೆ."

ಒಳಗೆ ಕರೆದು ಕೂರಿಸಿ ಸೋಡಾ ಬ್ರೆಡ್ಡು, ಬೆಣ್ಣೆ ಇಟ್ಟೆ. ತಿನ್ನುವವರನ್ನು ವಿಚಾರಿಸುವುದು ಸುಲಭ.

"ನಮ್ಮನೆ ತಂಗು ನಿನಗೆಲ್ಲಿ ಸಿಕ್ತು?"

"ಕ್ಲಿಯೋನಾ ಕಾಲಿಂದ."

"ಕಾಲಿಂದ! ನನ್ನ ಮುಂದೆ ಕಥೆ ಕಟ್ಟಬೇಡ ಮಗಳೇ, ನಾನು ನಿನಗಿಂತ ದೊಡ್ಡ ಸುಳ್ಳರನ್ನ ಸಾಕಿದೀನಿ."

ಆಗ ಅವಳು ತನ್ನ ಫೋನು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಮಟ್ಟಿರಲಿಲ್ಲ, ವಾದ್ಯವಿರಲಿಲ್ಲ. ಬರೀ ನಿನ್ನ ಹಿಮ್ಮಡಿ ನನ್ನ ಹಾಸುಗಲ್ಲಿನ ಮೇಲೆ ಬಡಿಯುವ ಸದ್ದು, ಹಿಂದೆ ನನ್ನ ಕೋಳಿಗಳ ಗಲಾಟೆ. ವೇದಿಕೆಯ ಹಲಗೆ ಸುಳ್ಳು ಸದ್ದು ಮಾಡುತ್ತದೆ, ಕಲ್ಲಿನ ಸದ್ದೇ ಬೇಕು ಅಂತ ನೀನು ಹಟ ಹಿಡಿದೆಯಂತೆ. ಅಭ್ಯಾಸಕ್ಕೆ ನಾನು ಲಿಮೆರಿಕ್‌ವರೆಗೆ ಬರಲಾಗುವುದಿಲ್ಲವೆಂದು, ಪರೀಕ್ಷೆಯ ದಿನದವರೆಗೆ ನುಡಿಸಿಕೊಡಲು ಇವಳಿಗೆ ಅದನ್ನು ಕೊಟ್ಟೆಯಂತೆ. ಎರಡನೆಯ ಭಾಗದ ಕೊನೆಗೆ ಬಡಿತ ನಿಂತು, ಆಮೇಲೆ ಬೀಳುತ್ತದೆ. ಕಾಲು ಮೇಲಿದ್ದರೆ ಮಟ್ಟೂ ಕಾಯಬೇಕಲ್ಲ ಅಂತ ಇವಳು ಕಾದಳಂತೆ. "ಯಾಕೆ ಅಂತ ಕೇಳಿದ್ರೆ ಅವಳು ಹೇಳಲಿಲ್ಲ. ಮಾತೇ ಬದಲಾಯಿಸಿದ್ಲು" ಅಂದಳು.

ಅಷ್ಟಕ್ಕೇ ನಂಬುವ ಹೆಂಗಸಲ್ಲ ನಾನು. ಇಬ್ಬರೂ ಕೂತು ಕಟ್ಟಿದ ಮಾತಿರಬಹುದು. "ನುಡಿಸು" ಅಂದೆ.

ನುಡಿಸಿದಳು. ಪಬ್ಬಿನ ಗದ್ದಲದಲ್ಲಿ ನನಗೆ ಕೇಳಿಸಿದ್ದು ಅವಳು ತಂಗಿದ್ದು ಮಾತ್ರ, ಎಲ್ಲಿ ತಂಗಿದಳು ಅನ್ನುವುದು ಕೇಳಿಸಿರಲಿಲ್ಲ. ನಿನ್ನೆ ಈ ಅಡುಗೆಮನೆಯಲ್ಲಿ ಕೇಳಿಸಿತು. ಅವಳು ಕೆಳಗಿನ ಸ್ವರದ ಮೇಲೆ ನಿಂತಳು! ನಮ್ಮದು ಅದರ ಮೇಲಿನ ಸ್ವರಕ್ಕೆ ಹತ್ತಿ ಅಲ್ಲಿ ನಿಲ್ಲುತ್ತದೆ. ಎಷ್ಟು ಹೊತ್ತು ನಿಲ್ಲಬೇಕು ಅಂತ ಕಾಲು ಹೇಳಬಲ್ಲದು, ಯಾವ ಸ್ವರದಲ್ಲಿ ಅಂತ ಹೇಳಲಾರದು. ನೀನು ಬಾಯಿಬಿಟ್ಟಿದ್ದರೆ ಅವಳ ಬಿಲ್ಲು ಆ ತಪ್ಪು ಮಾಡುತ್ತಿರಲಿಲ್ಲ. ತೊಟ್ಟಿಲಿಂದ ಕೇಳಿದವಳು ನೀನು, ನಿದ್ದೆಯಲ್ಲಿ ಗುನುಗಿದರೂ ಅದು ತಪ್ಪುವುದಿಲ್ಲ.

ಅವಳ ತಪ್ಪಿನಿಂದ ನಿನ್ನ ಮೇಲಿನ ಅಪವಾದ ಹೋಯಿತು ಕಂದಾ. ನಾನು ಒಲೆಯ ಕಡೆ ತಿರುಗಿ, ಇಲ್ಲದ ಬೂದಿ ಕೆದಕುತ್ತ ನಿಂತುಬಿಟ್ಟೆ. "ಚೆನ್ನಾಗಿಲ್ವಾ?" ಅಂತ ಅವಳು ಹಿಂದಿನಿಂದ ಕೇಳಿದಳು. "ಪರವಾಗಿಲ್ಲ" ಅಂದೆ. ತಿದ್ದಲಿಲ್ಲ. ಕೊಟ್ಟ ಮಾತನ್ನು ನೀನು ಇಷ್ಟು ದಿನ ಕಾಪಾಡಿಕೊಂಡಿರುವಾಗ ನಾನೇ ಬಾಗಿಲು ತೆಗೆದು ಕೊಡಲೇ?

ಈಗ ನೀನು ಮಾಡಬೇಕಾದ್ದು ಇಷ್ಟು. ಏಳು, ಮುಖ ತೊಳೆ, ಏನಾದರೂ ತಿನ್ನು. ನಿನ್ನ ಮೇಡಂ ಹತ್ತಿರ ಹೋಗಿ, ದೊಡ್ಡಮ್ಮನಿಗೆ ತಲೆ ಕೆಟ್ಟಿತ್ತು, ಈಗ ಸರಿಹೋಗಿದೆ, ಕುಣಿಯುತ್ತೇನೆ ಅಂತ ಹೇಳು. ಇಲ್ಡಿಕೊ ನುಡಿಸಲಿ. ಅವಳ ಕೈ ಚೆನ್ನಾಗಿದೆ, ಅವಸರವಿಲ್ಲ, ನಿನ್ನ ಕಾಲನ್ನು ನೋಡಿಕೊಂಡು ನುಡಿಸುತ್ತಾಳೆ. ಅವಳು ಎಲ್ಲಿ ತಂಗಿದರೂ ಆ ಪರೀಕ್ಷಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಾನು ಬರಲಾಗುವುದಿಲ್ಲ, ಕೋಳಿಗಳನ್ನು ಬಿಟ್ಟು ಹೊರಡಲು ಆಗುವುದಿಲ್ಲ. ನರಿಯೊಂದು ಬೇಲಿಯ ಹತ್ತಿರ ಓಡಾಡುತ್ತಿದೆ, ಬಸ್ಸಿನಲ್ಲಿ ಸೊಂಟವೂ ಹಿಡಿದುಕೊಳ್ಳುತ್ತದೆ.

ನಿನ್ನನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಕೇಳಿದ್ದೇನೆ ಅಂತಲೇ ತಿಳಿದುಕೋ. ಆ ಪದವನ್ನು ಬರೆಯಲು ನನಗೆ ಬರುವುದಿಲ್ಲ, ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ನಿನ್ನನ್ನು ಈ ಕಲ್ಲಿನ ಮೇಲೆ ಮೊದಲ ಸಲ ನಿಲ್ಲಿಸಿದ,
ಡೆಲಿಯಾ ದೊಡ್ಡಮ್ಮ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಕೋಳಿಗಳ ಮಾತು ಸುಳ್ಳು, ಫ್ಲಾನ್ ನೋಡಿಕೊಳ್ಳುತ್ತಾನೆ. ಚಳಿಗಾಲದಿಂದ ನನ್ನ ಬಲಗೈ ಕಿರುಬೆರಳು ಮಡಚಿಕೊಂಡೇ ಇದೆ, ಕನ್ಸರ್ಟಿನಾದಲ್ಲಿ ಆ ಮೇಲಿನ ಸ್ವರದ ಗುಂಡಿ ಅದಕ್ಕೆ ಎಟುಕುವುದಿಲ್ಲ. ಪೆಗ್‌ಗೂ ಹೇಳಿಲ್ಲ. ಫ್ಲಾನನ ಪಬ್ಬಿನಲ್ಲಿ ಆ ತಂಗು ಕೇಳಿದಾಗ ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ನನ್ನ ಕೈಬಿಟ್ಟದ್ದು ಅಷ್ಟು ಬೇಗ ಇನ್ನೊಬ್ಬರ ಕೈ ಸೇರಿತೇ ಅಂತ. ತಿದ್ದಲಿಲ್ಲ ಅಂದದ್ದೂ ಸುಳ್ಳು. ಅವಳು ಕಾರು ಹತ್ತುವಾಗ ವಾಪಸು ಕರೆದು, ಆ ಸ್ವರವನ್ನು ಬಾಯಲ್ಲೇ ಹಾಡಿ ಕೊಟ್ಟೆ. ವೇದಿಕೆಯ ಮೇಲೆ ಕಾಲೆತ್ತಿದಾಗ ಕಿವಿಗೊಟ್ಟು ಕೇಳು. ತಪ್ಪಿದ್ದರೆ ತಕ್ಷಣ ಫೋನು ಮಾಡು. ಸರಿಯಾಗಿದ್ದರೆ, ಒಂದೆರಡು ದಿನ ಬಿಟ್ಟು ಮಾಡು, ಅದು ಇನ್ನೊಬ್ಬರ ಕೈಯಲ್ಲಿದೆ ಅನ್ನುವುದು ನನಗೆ ಅಷ್ಟರಲ್ಲಿ ರೂಢಿಯಾಗಲಿ.